ಹಳೇ ಸ್ಕೂಲ್ ಬಸ್ಸಿನಲ್ಲಿ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು, ನನ್ನ ಹೆಂಡತಿ ಅಮೆರಿಕದ ಕೊಲರಾಡೋದಲ್ಲಿ ಒಂದು ಹಳೇ ಸ್ಕೂಲ್ ಬಸ್ಸನ್ನು ಮನೆ ಮಾಡಿಕೊಂಡು ಇದ್ದೇವೆ. ಇದು ನಾಲ್ಕನೇ ವರ್ಷ. ಕನ್ನಡ ಕೂಟದಲ್ಲಿ ಯಾರಾದರೂ ಸಿಕ್ಕರೆ, ಊರಿಂದ ಫೋನ್ ಬಂದರೆ, ಅವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಅರ್ಧಂಬರ್ಧ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅನಿಸಿತು. ಓದುತ್ತಾ ಹೋದರೆ ನೀರಿನ ಮಾತು ಎಲ್ಲ ಕಡೆ ಬರುತ್ತದೆ. ಬೇಕಂತಲೇ ಹಾಗೆ ಬರೆದಿದ್ದೇನೆ. ಬಸ್ಸನ್ನು ಕೊಲ್ಲುವುದು ನೀರು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ನಮಗೆ ಒಂದು ವರ್ಷದ ಕೆಲಸ ಉಳಿಯುತ್ತಿತ್ತು.

ಸ್ಕೂಲ್ ಬಸ್ಸೇ ಯಾಕೆ? ರೆಡಿಮೇಡ್ ಆರ್‌ವಿ (ಕಂಪನಿಯೇ ಮಾಡಿ ಮಾರುವ ಓಡುವ ಮನೆ) ಸಿಗುತ್ತದಲ್ಲ?

ಸಿಗುತ್ತದೆ. ಆದರೆ ಗಟ್ಟಿತನದಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಎಷ್ಟೋ ಆರ್‌ವಿಗಳ ಗೋಡೆ ಅಂದರೆ ತೆಳು ಮರದ ಚೌಕಟ್ಟು, ಅದರ ಮೇಲೆ ತೆಳು ಹಾಳೆ. ಸ್ಕೂಲ್ ಬಸ್ಸು ಪೂರ್ತಿ ಸ್ಟೀಲು. ಅಮೆರಿಕದಲ್ಲಿ 1977ರಿಂದ ಒಂದು ಕೇಂದ್ರ ನಿಯಮವಿದೆ. ಬಸ್ಸಿನ ಖಾಲಿ ತೂಕದ ಒಂದೂವರೆ ಪಟ್ಟು ಭಾರವನ್ನು ಅದರ ಚಾವಣಿ ತಡೆದುಕೊಳ್ಳಬೇಕು. ಬಸ್ಸು ಮಗುಚಿದರೂ ಮಕ್ಕಳು ಉಳಿಯಲಿ ಅಂತ. ಅದಕ್ಕೇ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಬಾಗಿದ ಸ್ಟೀಲ್ ಪಕ್ಕೆಲುಬುಗಳು ಸಾಲಾಗಿ ಇರುತ್ತವೆ. ತಗಡು ತಗಡು ಸೇರುವ ಕಡೆಯೆಲ್ಲ ಸಾಲು ಸಾಲು ರಿವೆಟ್ಟು.

ಬಿಚ್ಚುವಾಗ ಆ ರಿವೆಟ್ಟುಗಳು ಕೈ ನೋಯಿಸುತ್ತವೆ. ರಾತ್ರಿ ಬಿರುಗಾಳಿ ಬೀಸಿದಾಗ ಅವೇ ನಿಮ್ಮನ್ನು ಕಾಯುತ್ತವೆ.

ಇದೇನು ಈಗಿನವರ ಹೊಸ ಖಯಾಲಿಯಾ?

ಅಲ್ಲ. 1970ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಸ್ಟೀಫನ್ ಗ್ಯಾಸ್ಕಿನ್ ಅನ್ನುವ ಹಿಪ್ಪಿ ಗುರುವಿನ ಜೊತೆ ನೂರಾರು ಜನ ಹಳೇ ಸ್ಕೂಲ್ ಬಸ್ಸುಗಳಲ್ಲಿ ಹೊರಟರು. ದೇಶ ಸುತ್ತಿದರು. 1971ರಲ್ಲಿ ಟೆನೆಸ್ಸಿಯ ಸಮ್ಮರ್‌ಟೌನ್ ಹತ್ತಿರ ಜಮೀನು ಕೊಂಡು 'ದಿ ಫಾರ್ಮ್' ಅಂತ ಊರೇ ಕಟ್ಟಿದರು. ಮನೆಗಳು ಏಳುವವರೆಗೆ ಬಸ್ಸೇ ಮನೆ. ಈಗ ಇಂಥ ಬಸ್ಸಿಗೆ ಇಲ್ಲಿನವರು 'ಸ್ಕೂಲಿ' ಅನ್ನುತ್ತಾರೆ.

ಬಸ್ಸು ಎಲ್ಲಿ ಸಿಗುತ್ತದೆ? ಎಷ್ಟಾಗುತ್ತದೆ?

ಶಾಲಾ ಜಿಲ್ಲೆಗಳು (ಇಲ್ಲಿ ಒಂದೊಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಸಾಮಾನ್ಯವಾಗಿ 12-15 ವರ್ಷ ಓಡಿಸಿ ಹರಾಜಿಗೆ ಹಾಕುತ್ತವೆ. ಆನ್‌ಲೈನ್ ಹರಾಜಿನಲ್ಲೂ ಸಿಗುತ್ತವೆ, ಹಳೇ ಬಸ್ಸು ಮಾರುವ ಡೀಲರುಗಳ ಹತ್ತಿರವೂ ಸಿಗುತ್ತವೆ. ಓಡುವ ಸ್ಥಿತಿಯ ದೊಡ್ಡ ಬಸ್ಸಿಗೆ 3,000ದಿಂದ 10,000 ಡಾಲರ್ ಇಟ್ಟುಕೊಳ್ಳಿ. ಬಸ್ಸಿನ ಬೆಲೆ ನೋಡಿ ಖುಷಿಪಡಬೇಡಿ. ಒಳಗೆ ಮನೆ ಮಾಡುವುದಕ್ಕೆ ಅದರ ಎರಡು ಮೂರು ಪಟ್ಟು ಸುಲಭವಾಗಿ ಖರ್ಚಾಗುತ್ತದೆ. ಟೈರಿಗೂ ದುಡ್ಡು ಎತ್ತಿಡಿ. ದೊಡ್ಡ ಬಸ್ಸಿಗೆ ಆರು ಟೈರು. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. 3518 ಅಂತಿದ್ದರೆ 2018ರ 35ನೇ ವಾರದಲ್ಲಿ ತಯಾರಾದದ್ದು. ಮೇಲೆ ಗೆರೆ ಚೆನ್ನಾಗಿ ಕಂಡರೂ ರಬ್ಬರು ಹಳೆಯದಾಗಿದ್ದರೆ ನಂಬಬೇಡಿ.

ನಮ್ಮ ಬಸ್ಸು ನ್ಯೂ ಮೆಕ್ಸಿಕೋದ್ದು. 36 ಅಡಿ ಉದ್ದ, 2001ರ ಮಾಡೆಲ್.

ಅಷ್ಟು ದೂರದಿಂದ ಯಾಕೆ ತಂದಿರಿ?

ತುಕ್ಕಿಗೆ ಹೆದರಿ. ಹಿಮ ಬೀಳುವ ಪೂರ್ವದ ರಾಜ್ಯಗಳಲ್ಲಿ ಮಂಜುಗಡ್ಡೆ ಕರಗಲಿ ಅಂತ ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಹದಿನೈದು ಚಳಿಗಾಲ ಬಸ್ಸಿನ ಹೊಟ್ಟೆಗೆ ಬಡಿದಿರುತ್ತದೆ. ಹೊರಗೆ ಹಳದಿ ಬಣ್ಣ ಫಳಫಳ ಹೊಳೆಯುತ್ತದೆ. ಕೆಳಗೆ ನೋಡಿದರೆ ಸುತ್ತಿಗೆಯ ಒಂದು ಏಟಿಗೆ ತೂತು ಬೀಳುವ ಹಾಗಿರುತ್ತದೆ. ನ್ಯೂ ಮೆಕ್ಸಿಕೋ, ಅರಿಜೋನಾ ಕಡೆ ಒಣ ಹವೆ. ಅಲ್ಲಿ ಬಿಸಿಲಿಗೆ ಬಣ್ಣ ಹೋಗಿರುತ್ತದೆ, ಸೀಟು ಹರಿದಿರುತ್ತವೆ. ಹೋಗಲಿ ಬಿಡಿ, ಸೀಟು ಹೇಗೂ ಕಿತ್ತು ಹಾಕುವುದೇ ತಾನೆ?

ನೋಡಲು ಹೋದಾಗ ಚಾಪೆ ಹಾಸಿ ಬಸ್ಸಿನ ಕೆಳಗೆ ಮಲಗಿ. ಚಾಸಿಸ್ಸಿನ ಉದ್ದ ಹಳಿಗಳು, ಅಡ್ಡಪಟ್ಟಿಗಳು, ಚಕ್ರದ ಮೇಲಿನ ಗೂಡು, ಬಾಗಿಲ ಮೆಟ್ಟಿಲ ತಳ, ಇವನ್ನೆಲ್ಲ ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಒಳ್ಳೆಯದು. ಡಬ್ ಅಂತ ಸತ್ತ ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ. ಮೇಲೆ ಪುಡಿಪುಡಿ ಕೆಂಪು ಇದ್ದರೆ ಉಜ್ಜಿ ಸರಿಮಾಡಬಹುದು. ಚಾಸಿಸ್ ಹಳಿ ಹಪ್ಪಳದ ಹಾಗೆ ಎದ್ದು ಬರುತ್ತಿದ್ದರೆ ಮಾತಾಡದೆ ವಾಪಸ್ ಬನ್ನಿ.

ಯಾವ ಇಂಜಿನ್ ಒಳ್ಳೆಯದು?

ಹಳಬರನ್ನು ಕೇಳಿದರೆ ಎರಡು ಹೆಸರು ಬರುತ್ತವೆ. ಕಮಿನ್ಸ್ ಕಂಪನಿಯ 5.9 ಲೀಟರಿನದು, ಮತ್ತು ಇಂಟರ್‌ನ್ಯಾಷನಲ್ ಕಂಪನಿಯ ಡಿಟಿ466. ನಮ್ಮದರಲ್ಲಿ ಎರಡನೆಯದಿದೆ. ಅದರ ಸಿಲಿಂಡರಿನ ಒಳತೋಳು (ಪಿಸ್ಟನ್ ಓಡಾಡುವ ಕೊಳವೆ) ಬಿಚ್ಚಿ ಬದಲಿಸುವಂಥದ್ದು. ಇಂಜಿನ್ ಸವೆದರೂ ಅಲ್ಲೇ ರಿಪೇರಿ ಮಾಡಿ ಇನ್ನೊಂದು ಜನ್ಮ ಕೊಡಬಹುದು.

ಇಂಜಿನ್ನಿನಷ್ಟೇ ಗೇರ್‌ಬಾಕ್ಸೂ ಮುಖ್ಯ. ಆಲಿಸನ್ ಕಂಪನಿಯ ಎಟಿ545 ಗೇರ್‌ಬಾಕ್ಸ್ ಇದ್ದರೆ ಘಟ್ಟ ಹತ್ತುವಾಗ ಏದುಸಿರು ಬಿಡುತ್ತದೆ, ಜಾಸ್ತಿ ಬಿಸಿಯಾಗುತ್ತದೆ. ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಗೇರಿಗೆ ದಾಟಿಸುವ ಟಾರ್ಕ್ ಕನ್ವರ್ಟರಿಗೆ ಅದರಲ್ಲಿ ಲಾಕ್ ಇಲ್ಲ. ಬಯಲುಸೀಮೆಯಲ್ಲಿ ಓಡಿಸುವವರಿಗೆ ಅಡ್ಡಿಯಿಲ್ಲ. ರಾಕಿ ಪರ್ವತ ಹತ್ತುವವರು ಲಾಕ್ ಇರುವ ಎಂಡಿ3060 ಥರದ್ದು ಹುಡುಕಿ. 2007ರ ನಂತರದ ಡೀಸೆಲ್ ಇಂಜಿನ್ನುಗಳಲ್ಲಿ ಹೊಗೆ ಸೋಸುವ ಫಿಲ್ಟರು ಬಂತು. ಗಾಳಿಗೆ ಒಳ್ಳೆಯದೇ. ಆದರೆ ಹಳೇ ಬಸ್ಸಿನಲ್ಲಿ ಅದು ಕೆಟ್ಟರೆ ರಿಪೇರಿ ದುಬಾರಿ. ಮೈಲೇಜು ಗ್ಯಾಲನ್ನಿಗೆ 8-10 ಮೈಲಿ, ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಮುಟ್ಟಿದರೆ ಪುಣ್ಯ.

ಒಳಗೆ ಏನೇನು ಕೀಳಬೇಕು?

ಎಲ್ಲ. ಸೀಟು, ನೆಲ, ಚಾವಣಿಯ ತಗಡು, ಗೋಡೆಯ ತಗಡು.

ಸೀಟಿನ ಬೋಲ್ಟುಗಳು ನೆಲ ತೂರಿ ಕೆಳಗೆ ಬಂದಿರುತ್ತವೆ. ಮೇಲೆ ಒಬ್ಬರು ತಿರುಗಿಸಬೇಕು, ಬಸ್ಸಿನ ಕೆಳಗೆ ಮಲಗಿ ಇನ್ನೊಬ್ಬರು ನಟ್ಟು ಹಿಡಿಯಬೇಕು. ತುಕ್ಕು ಹಿಡಿದವನ್ನು ಗ್ರೈಂಡರಿನಿಂದ ಕತ್ತರಿಸಬೇಕು. ಕಿಡಿ ಹಾರುತ್ತದೆ. ಕನ್ನಡಕ, ಗ್ಲೌಸು, ಕಿವಿಗೆ ಮುಚ್ಚು ಇಲ್ಲದೆ ಮುಟ್ಟಬೇಡಿ.

ಸೀಟು ಹೋದ ಮೇಲೆ ಎಷ್ಟೋ ಜನ ಆ ಕಪ್ಪು ರಬ್ಬರ್ ನೆಲದ ಮೇಲೇ ಹೊಸ ಹಲಗೆ ಹಾಕಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಮ್ಮ ಬಸ್ಸಿನ ರಬ್ಬರು ನೋಡಲು ಚೆನ್ನಾಗೇ ಇತ್ತು. ಕಿತ್ತೆವು. ಕೆಳಗೆ ಪ್ಲೈವುಡ್. ಅದರ ಮೂಲೆಗೆ ಹಾರೆ ಕೊಟ್ಟು ಮೀಟಿದರೆ ಹಲಗೆಯ ಬದಲು ಒದ್ದೆ ಬೂದಿಯ ಥರದ ಮುದ್ದೆ ಎದ್ದು ಬಂತು. ಹಳೇ ಬಾವಿಕಟ್ಟೆಯ ವಾಸನೆ. ಪ್ಲೈವುಡ್ಡಿನ ಕೆಳಗೆ ಸ್ಟೀಲ್ ನೆಲ. ಪ್ರತಿ ಬೋಲ್ಟಿನ ತೂತಿನ ಸುತ್ತ ಅಂಗೈಯಗಲ ತುಕ್ಕಿನ ಹೂವು ಅರಳಿತ್ತು. ಗೋಡೆಯ ಸಂದಿಯಲ್ಲಿ ಒಂದು ಹಳದಿ ಪೆನ್ಸಿಲ್ಲು, ಅರ್ಧ ರಬ್ಬರು, ನೀಲಿ ಹೇರ್‌ಪಿನ್ನು. ಎಷ್ಟೋ ವರ್ಷ ಮಕ್ಕಳು ಒದ್ದೆ ಬೂಟಿನಲ್ಲಿ ಹತ್ತಿದ್ದಾರೆ. ಆ ನೀರು ಒಂದೊಂದೇ ಹನಿ ಬೋಲ್ಟು ಹಿಡಿದು ಕೆಳಗಿಳಿದಿದೆ. ಒಣನಾಡಿನ ಬಸ್ಸಿನ ಗತಿಯೇ ಹೀಗಿದ್ದರೆ ಬೇರೆಯವುಗಳ ಕಥೆ ನೀವೇ ಯೋಚಿಸಿ. ಆ ಹೇರ್‌ಪಿನ್ನು ಈಗಲೂ ನಮ್ಮ ಕಿಟಕಿಯ ಕಟ್ಟೆಯ ಮೇಲಿದೆ.

ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಫಾಸ್ಫಾರಿಕ್ ಆಮ್ಲದ ದ್ರಾವಣ ಹಚ್ಚಿದೆವು. ಮಾರನೇ ದಿನಕ್ಕೆ ಕೆಂಪು ಹೋಗಿ ಕಪ್ಪಾಗುತ್ತದೆ. ಅದರ ಮೇಲೆ ಪ್ರೈಮರ್, ಬಣ್ಣ. ಸಣ್ಣ ತೂತುಗಳಿಗೆ ಸೀಲೆಂಟ್ (ನೀರು ಇಳಿಯದ ಹಾಗೆ ಸಂದಿ ಮುಚ್ಚುವ ಅಂಟು) ಹಚ್ಚಿ ಒಂದು ಸೆಂಟಿನ ನಾಣ್ಯ ಕೂರಿಸುವುದು ಇಲ್ಲಿನವರ ಹಳೇ ಉಪಾಯ. ನಾವೂ ಅದನ್ನೇ ಮಾಡಿದೆವು. ದೊಡ್ಡ ತೂತುಗಳಿಗೆ ತಗಡಿನ ತೇಪೆ ಬೆಸುಗೆ ಹಾಕಿಸಿದೆವು.

ಮಳೆಗೆ ಸೋರುವುದಿಲ್ಲವಾ?

ಸೋರುತ್ತದೆ. ಕಿಟಕಿಗಳನ್ನು ಒಂದೊಂದಾಗಿ ಬಿಚ್ಚಿ, ಹಳೇ ಅಂಟು ಕೆರೆದು, ನೀರು ತಡೆಯುವ ಹೊಸ ಬ್ಯೂಟೈಲ್ ಟೇಪು, ಸೀಲೆಂಟು ಹಾಕಿ ಕೂರಿಸಬೇಕು. ಬೇಸರದ ಕೆಲಸ. ಒಂದನ್ನೂ ಬಿಡುವ ಹಾಗಿಲ್ಲ.

ಸೋಲಾರ್ ಪ್ಯಾನೆಲ್ ಕೂರಿಸಲು ನಾವು ಒಂದು ಅಂಗಡಿಗೆ ಕೊಟ್ಟಿದ್ದೆವು. ಅವರು ಚಾವಣಿಗೆ ಹೊಡೆದ ಸ್ಕ್ರೂಗಳಲ್ಲಿ ಒಂದಕ್ಕೆ ಸೀಲೆಂಟ್ ಹಾಕಿರಲಿಲ್ಲ. ಹಾಸಿಗೆಯ ಮೇಲೆ ಹನಿ ಬೀಳುತ್ತಿತ್ತು. ಹಾಸಿಗೆಯ ನೇರಕ್ಕೆ ಮೇಲೆ ಎಷ್ಟು ಹುಡುಕಿದರೂ ತೂತಿಲ್ಲ. ಕೊನೆಗೆ ಸಿಕ್ಕಿದ್ದು ಆರಡಿ ಮುಂದೆ. ನೀರು ಒಳಗಿನ ಪಟ್ಟಿ ಹಿಡಿದು ಹರಿದು ಬಂದು ಇಲ್ಲಿ ಬೀಳುತ್ತಿತ್ತು. ಅಷ್ಟರಲ್ಲಿ ಒಂದು ಹಲಗೆ ಕೊಳೆತಿತ್ತು. ಅಂದಿನಿಂದ ಚಾವಣಿಗೆ ಯಾವ ತೂತು ಹೊಡೆದರೂ ನಾವೇ ಹೊಡೆಯುತ್ತೇವೆ.

ನಮ್ಮ ತೀರ್ಥಹಳ್ಳಿ ಕಡೆ ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುತ್ತಾರಲ್ಲ, ಹಾಗೆ ವರ್ಷಕ್ಕೊಮ್ಮೆ ಚಾವಣಿ ಹತ್ತಿ ಎಲ್ಲ ಸೀಲೆಂಟನ್ನೂ ಬೆರಳಿನಿಂದ ಮುಟ್ಟಿ ನೋಡಬೇಕು.

ಚಳಿಗೆ ಏನು ಮಾಡುತ್ತೀರಿ?

ತಗಡಿನ ಡಬ್ಬ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಕಂಪನಿಯವರು ಹಾಕಿದ ಗಾಜಿನುಣ್ಣೆ ತೆಳು. ನಾವು ಅದನ್ನು ತೆಗೆದು ಪಕ್ಕೆಲುಬುಗಳ ನಡುವೆ ಕ್ಲೋಸ್ಡ್ ಸೆಲ್ ಸ್ಪ್ರೇ ಫೋಮ್ (ಸಿಂಪಡಿಸಿದರೆ ಉಬ್ಬಿ ಗಟ್ಟಿಯಾಗುವ, ಹಬೆ ನುಸುಳದ ನೊರೆ) ಹೊಡೆಸಿದೆವು. ದುಬಾರಿ, ಆದರೆ ತಗಡಿಗೆ ಅಂಟಿ ಕೂರುತ್ತದೆ. ಹಬೆ ತಣ್ಣನೆ ತಗಡನ್ನು ಮುಟ್ಟಲು ಜಾಗವೇ ಇರುವುದಿಲ್ಲ. ಹಬೆಯನ್ನು ತಡೆಯುವುದು ಬೆಚ್ಚಗಿರುವುದಕ್ಕಿಂತ ಮುಖ್ಯ. ಇಬ್ಬರು ಮಲಗಿದರೆ ಒಂದು ರಾತ್ರಿಗೆ ಅರ್ಧ ಲೀಟರಿಗಿಂತ ಜಾಸ್ತಿ ನೀರು ಉಸಿರು, ಬೆವರಿನಲ್ಲೇ ಹೊರಬರುತ್ತದೆ. ಅದು ಎಲ್ಲಾದರೂ ಹನಿಯಾಗಲೇಬೇಕು. ಗೋಡೆಯ ಒಳಗೆ ಹನಿಯಾದರೆ ನಿಮಗೆ ಗೊತ್ತಾಗದ ಹಾಗೆ ಬಸ್ಸು ಒಳಗಿಂದ ತುಕ್ಕು ಹಿಡಿಯುತ್ತದೆ.

ಪ್ರೊಪೇನ್ (ಸಿಲಿಂಡರಿನಲ್ಲಿ ಬರುವ ಗ್ಯಾಸು) ಹೀಟರನ್ನು ಹೊಗೆಕೊಳವೆ ಇಲ್ಲದೆ ಉರಿಸುವವರಿದ್ದಾರೆ. ಒಂದು ಕಿಲೋ ಪ್ರೊಪೇನ್ ಉರಿದರೆ ಒಂದೂವರೆ ಕಿಲೋಗಿಂತ ಜಾಸ್ತಿ ನೀರಿನ ಹಬೆ ಬರುತ್ತದೆ. ಜೊತೆಗೆ ವಾಸನೆಯೇ ಇಲ್ಲದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿನ ಅಪಾಯ. ಪುಟ್ಟ ಸೌದೆ ಒಲೆ ಅಥವಾ ಹೊಗೆಯನ್ನು ಹೊರಗೆ ಬಿಡುವ ಡೀಸೆಲ್ ಹೀಟರ್ ಇಟ್ಟುಕೊಳ್ಳಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ಲದೆ ಒಂದು ರಾತ್ರಿಯೂ ಮಲಗಬೇಡಿ. ಹಿಂದಿನ ಎಮರ್ಜೆನ್ಸಿ ಬಾಗಿಲಿಗೆ ಅಡ್ಡವಾಗಿ ಮಂಚ ಕಟ್ಟಬೇಡಿ. ಹೊರಗೆ ಓಡಲು ಎರಡು ದಾರಿ ಇರಲೇಬೇಕು.

ಬೇಸಿಗೆಗೆ ಸುಲಭದ ಉಪಾಯ ಒಂದೇ. ಚಾವಣಿಗೆ ಬಿಳಿ ಬಣ್ಣ ಹೊಡೆಯಿರಿ.

ನಮ್ಮ ಅಡುಗೆ ಮಾಡಲು ಆಗುತ್ತದಾ? ಕುಕ್ಕರ್, ಒಗ್ಗರಣೆ, ದೋಸೆ ಹಿಟ್ಟು?

ಆಗುತ್ತದೆ. ಇಲ್ಲಿನವರ ವಿಡಿಯೋ ನೋಡಿ ಅಡುಗೆಮನೆ ಮಾಡಬೇಡಿ ಅಷ್ಟೇ. ಅವರದ್ದು ಕಾಫಿ, ಟೋಸ್ಟು. ನಮ್ಮದು ಕುಕ್ಕರಿನ ನಾಲ್ಕು ಸೀಟಿ, ಸಾರು ಕುದಿಯುವುದು, ಸಾಸಿವೆ ಸಿಡಿಯುವುದು. ಮೊದಲ ಚಳಿಗಾಲದಲ್ಲಿ ಕುಕ್ಕರ್ ಕೂಗಿದ ಹತ್ತು ನಿಮಿಷಕ್ಕೆ ಎಲ್ಲ ಕಿಟಕಿಯ ಮೇಲೂ ನೀರು ಇಳಿಯುತ್ತಿತ್ತು. ಬೆಳಗ್ಗೆ ಅದೇ ಮಂಜುಗಡ್ಡೆ. ಒಲೆಯ ನೇರಕ್ಕೆ ಚಾವಣಿಯಲ್ಲಿ ಗಾಳಿ ಹೊರಗೆ ಎಳೆಯುವ ಫ್ಯಾನ್ ಹಾಕಿದ ಮೇಲೆ ಸರಿಹೋಯಿತು. ಒಲೆ ಹಚ್ಚುವ ಮೊದಲು ಫ್ಯಾನ್ ಹಾಕಿ, ದೂರದ ಒಂದು ಕಿಟಕಿ ಎರಡು ಬೆರಳು ತೆರೆಯಿರಿ. ಚಳಿಗಾಲದಲ್ಲಿ ಕುಕ್ಕರನ್ನು ಹೊರಗೆ ಒಂಟಿ ಒಲೆಯ ಮೇಲೆ ಕೂಗಿಸಿದರೆ ಇನ್ನೂ ಒಳ್ಳೆಯದು.

ಊರಿನ ಮಿಕ್ಸಿ ತರಬೇಡಿ, ಅದು 230 ವೋಲ್ಟಿನದು. 110 ವೋಲ್ಟಿನದು ಇಲ್ಲಿನ ಇಂಡಿಯನ್ ಅಂಗಡಿಗಳಲ್ಲಿ ಸಿಗುತ್ತದೆ. ದೋಸೆ ಹಿಟ್ಟನ್ನು ನಾವು ಬ್ಯಾಟರಿ ಪೆಟ್ಟಿಗೆಯ ಪಕ್ಕ ಇಡುತ್ತೇವೆ. ಇಡೀ ಬಸ್ಸಿನಲ್ಲಿ ರಾತ್ರಿಯೆಲ್ಲ ಬೆಚ್ಚಗಿರುವ ಜಾಗ ಅದೊಂದೇ. ಚೆನ್ನಾಗಿ ಹುಳಿ ಬರುತ್ತದೆ.

ಕರೆಂಟು?

ಚಾವಣಿಯ ಮೇಲೆ 200 ವಾಟಿನ ಆರು ಪ್ಯಾನೆಲ್ ಇವೆ. ಒಳಗೆ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 3,000 ವಾಟಿನ ಇನ್ವರ್ಟರ್. ಫ್ರಿಜ್ಜು, ಲೈಟು, ಲ್ಯಾಪ್‌ಟಾಪು, ಮಿಕ್ಸಿಗೆ ಧಾರಾಳ. ಏಸಿಗೆ ಸಾಲದು. ಈ ಬ್ಯಾಟರಿಗಳನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುತ್ತವೆ. ಹಾಗಾಗಿ ಅವು ಮನೆಯ ಒಳಗೇ ಇರಬೇಕು, ನಮ್ಮ ಜೊತೆ ಬೆಚ್ಚಗೆ.

ನೀರು, ಸ್ನಾನ ಹೇಗೆ?

100 ಗ್ಯಾಲನ್ನಿನ ಟ್ಯಾಂಕ್. ತುಂಬಿದರೆ 380 ಕಿಲೋ ತೂಗುತ್ತದೆ. ಅದನ್ನು ಒಂದೇ ಪಕ್ಕಕ್ಕೆ ಇಟ್ಟರೆ ಬಸ್ಸು ವಾಲುತ್ತದೆ. ನಾವು ಮಧ್ಯಕ್ಕೆ, ಹಿಂದಿನ ಚಕ್ರದ ಹತ್ತಿರ ಇಟ್ಟಿದ್ದೇವೆ. ಸ್ನಾನಕ್ಕೆ ಶವರ್ ಇದೆ. ಆದರೆ ಬಕೆಟ್ಟು, ಚೊಂಬು ಹಿಡಿದರೆ ಅದರ ಅರ್ಧ ನೀರು ಸಾಕು. ಒಂದು ಬಕೆಟ್ಟಿನಲ್ಲಿ ತಲೆಸ್ನಾನ ಮುಗಿಸುವುದು ನಮಗೆ ಚಿಕ್ಕಂದಿನಿಂದ ಬಂದ ವಿದ್ಯೆ ಅಲ್ವಾ?

ಕೇಳಲು ಸಂಕೋಚ. ಟಾಯ್ಲೆಟ್?

ಸಂಕೋಚ ಬೇಡ, ಬಹಳ ಮುಖ್ಯವಾದ ಪ್ರಶ್ನೆ. ಇಲ್ಲಿ ಎಷ್ಟೋ ಜನ ನೀರಿಲ್ಲದ ಕಾಂಪೋಸ್ಟ್ ಟಾಯ್ಲೆಟ್ ಇಟ್ಟುಕೊಳ್ಳುತ್ತಾರೆ. ಮೂತ್ರ ಬೇರೆ, ಮಲ ಬೇರೆ ಬೀಳುತ್ತದೆ. ಮಲ ಒಣಗಿದ್ದರೆ ಮಾತ್ರ ವಾಸನೆ ಬರುವುದಿಲ್ಲ. ನೀರಿನಲ್ಲಿ ತೊಳೆದುಕೊಳ್ಳುವ ನಮಗೆ ಅದು ಆಗಿಬರುವುದಿಲ್ಲ. ದಿನಾ ನೀರು ಬಿದ್ದರೆ ಒಳಗೆಲ್ಲ ಕೆಸರಾಗಿ ಗಬ್ಬೆದ್ದು ಹೋಗುತ್ತದೆ. ನಾವು ಮೂರು ತಿಂಗಳು ಪ್ರಯತ್ನಿಸಿ ಬಿಟ್ಟೆವು. ಈಗ ಆರ್‌ವಿಗಳಲ್ಲಿರುವ ಫ್ಲಶ್ ಟಾಯ್ಲೆಟ್, ಕೆಳಗೆ ಅದರದೇ ಟ್ಯಾಂಕ್. ತುಂಬಿದಾಗ ಆರ್‌ವಿ ಪಾರ್ಕುಗಳ ಡಂಪ್ ಸ್ಟೇಷನ್ನಿನಲ್ಲಿ ಖಾಲಿ ಮಾಡುತ್ತೇವೆ. ನಮ್ಮವರು ಯಾರು ಕೇಳಿದರೂ ಮೊದಲಿಂದಲೇ ಇದನ್ನೇ ಹಾಕಿಸಿ ಅನ್ನುತ್ತೇನೆ.

ಹಳದಿ ಬಣ್ಣ ಹಾಗೇ ಇಟ್ಟುಕೊಳ್ಳಬಹುದಾ?

ಬಹಳಷ್ಟು ರಾಜ್ಯಗಳಲ್ಲಿ ಇಲ್ಲ. ಈ ಹಳದಿಯನ್ನು 1939ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಅಲ್ಲಿನ ಪ್ರೊಫೆಸರ್ ಫ್ರ್ಯಾಂಕ್ ಸೈರ್ ಕರೆದ ಸಭೆಯಲ್ಲಿ ಆರಿಸಿದರು. ನಸುಕಿನ ಮಬ್ಬಿನಲ್ಲೂ ಕಾಣಲಿ, ಅದರ ಮೇಲಿನ ಕಪ್ಪು ಅಕ್ಷರ ಓದಲು ಬರಲಿ ಅಂತ. ಆ ಬಣ್ಣ ಕಂಡರೆ ಒಳಗೆ ಮಕ್ಕಳಿದ್ದಾರೆ ಅಂತ ಎಲ್ಲರೂ ಎಚ್ಚರವಾಗುತ್ತಾರೆ. ಅದನ್ನು ಮಕ್ಕಳಿಗೇ ಬಿಡುವುದು ಸರಿ. ಮಕ್ಕಳು ಹತ್ತಿಳಿಯುವಾಗ ಪಕ್ಕಕ್ಕೆ ಚಾಚುವ ಸ್ಟಾಪ್ ಬೋರ್ಡಿನ ಕೈ, ಮಿನುಗುವ ಕೆಂಪು ದೀಪಗಳನ್ನೂ ತೆಗೆಸಬೇಕು.

ಲೈಸೆನ್ಸು, ಇನ್ಶೂರೆನ್ಸು?

ಸ್ವಂತಕ್ಕೆ ಓಡಿಸುವ ಮೋಟಾರ್ ಹೋಮಿಗೆ ಸಾಮಾನ್ಯವಾಗಿ ಕಮರ್ಷಿಯಲ್ ಲೈಸೆನ್ಸ್ ಬೇಡ. ಆದರೆ ಟೆಕ್ಸಸ್‌ನಂಥ ಕಡೆ ಗಾಡಿಯ ತೂಕ 26,000 ಪೌಂಡ್ ದಾಟಿದರೆ ಬೇರೆ ದರ್ಜೆಯ ಲೈಸೆನ್ಸ್ ಬೇಕು. ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಕಾಗದಪತ್ರದಲ್ಲಿ 'ಬಸ್' ಅನ್ನುವುದನ್ನು 'ಮೋಟಾರ್ ಹೋಮ್' ಮಾಡಿಸುವುದು ದೊಡ್ಡ ಕೆಲಸ. ಕೇಂದ್ರದ ವ್ಯಾಖ್ಯಾನದಲ್ಲಿ ಆರು ಸೌಲಭ್ಯಗಳಿವೆ: ಅಡುಗೆ ಒಲೆ, ಫ್ರಿಜ್ಜು, ಟಾಯ್ಲೆಟ್, ಹೀಟರ್ ಅಥವಾ ಏಸಿ, ನಲ್ಲಿ ಸಿಂಕು ಇರುವ ಕುಡಿಯುವ ನೀರು, ಬೇರೆ ಕರೆಂಟ್ ಅಥವಾ ಪ್ರೊಪೇನ್. ಇವುಗಳಲ್ಲಿ ನಾಲ್ಕಾದರೂ ಇರಬೇಕು. ರಾಜ್ಯಗಳ ನಿಯಮವೂ ಹೆಚ್ಚುಕಡಿಮೆ ಇದೇ ಥರ ಇರುತ್ತದೆ. ಇನ್ಶೂರೆನ್ಸ್ ಸಿಗುವುದು ಕಷ್ಟ. ಬಸ್ಸು ಕೊಳ್ಳುವ ಮೊದಲೇ ಫೋನ್ ಮಾಡಿ ಕೇಳಿ. ಪ್ರತಿ ಹಂತದ ಫೋಟೋ, ಬಿಲ್ಲು ಇಟ್ಟುಕೊಂಡಿರಿ.

ಎಲ್ಲಿ ನಿಲ್ಲಿಸುತ್ತೀರಿ?

ಪಶ್ಚಿಮದ ರಾಜ್ಯಗಳಲ್ಲಿ ಸರ್ಕಾರಿ ಬಯಲು ಬೇಕಾದಷ್ಟಿದೆ. ಭೂ ನಿರ್ವಹಣಾ ಇಲಾಖೆಯ ಜಾಗಗಳಲ್ಲಿ ಸಾಮಾನ್ಯವಾಗಿ 28 ದಿನಗಳಲ್ಲಿ 14 ದಿನ ಪುಕ್ಕಟೆ ಇರಬಹುದು. ಆಮೇಲೆ ಜಾಗ ಬದಲಿಸಬೇಕು. ಕೆಲವು ಆರ್‌ವಿ ಪಾರ್ಕುಗಳು ಹತ್ತು ವರ್ಷಕ್ಕಿಂತ ಹಳೇ ಗಾಡಿಯನ್ನು ಸೇರಿಸುವುದಿಲ್ಲ. ಉದ್ದದ ಮಿತಿಯನ್ನೂ ನೋಡಿ. ಮೊಂಟಾನಾದ ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ ಗೋಯಿಂಗ್-ಟು-ದಿ-ಸನ್ ರಸ್ತೆಯ ಮೇಲುಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿ ಬಿಡುವುದಿಲ್ಲ. ನಾವು ಚಳಿಗಾಲದಲ್ಲಿ ಒಬ್ಬ ರೈತರ ಜಮೀನಿನಲ್ಲಿ ಬಾಡಿಗೆ ಕೊಟ್ಟು ಇರುತ್ತೇವೆ.

ಎಚ್-1ಬಿ ವೀಸಾದಲ್ಲಿ (ಕಂಪನಿ ಮಾಡಿಸಿಕೊಡುವ ಕೆಲಸದ ವೀಸಾ) ಇದ್ದುಕೊಂಡು ಹೀಗೆ ಇರಬಹುದಾ?

ಬಸ್ಸಿನಲ್ಲಿ ವಾಸ ಮಾಡುವುದಕ್ಕೆ ಅಡ್ಡಿಯಿಲ್ಲ. ಊರೂರು ಸುತ್ತುತ್ತಾ ಕೆಲಸ ಮಾಡುವುದೇ ತೊಡಕು. ಎಚ್-1ಬಿ ನಿಮ್ಮ ಕೆಲಸದ ಜಾಗಕ್ಕೆ ಕಟ್ಟಿಕೊಂಡಿರುತ್ತದೆ. ಬೇರೆ ನಗರ ಪ್ರದೇಶಕ್ಕೆ ಹೋಗಿ ಅಲ್ಲಿಂದ ಕೆಲಸ ಮಾಡಿದರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕಾಗಬಹುದು. ಪೌರತ್ವ ಇಲ್ಲದವರು ವಿಳಾಸ ಬದಲಾದ ಹತ್ತು ದಿನದೊಳಗೆ ಎಆರ್-11 ಫಾರ್ಮಿನಲ್ಲಿ ತಿಳಿಸಬೇಕು, ಗ್ರೀನ್ ಕಾರ್ಡಿನವರೂ ಸೇರಿ. ನಾವು ಗ್ರೀನ್ ಕಾರ್ಡ್ ಬಂದ ಮೇಲೇ ಬಸ್ಸು ಕೊಂಡದ್ದು. ನೀವು ಮೊದಲು ವಕೀಲರನ್ನು ಕೇಳಿ, ಆಮೇಲೆ ಹರಾಜಿಗೆ ಹೋಗಿ.

ಕರ್ನಾಟಕದಲ್ಲಿ ಮಾಡಬಹುದಾ?

ಓಡುವ ಮನೆ ಬೇಕೆಂದರೆ ಕಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟ್ ಕೂಡ 2019ರಲ್ಲಿ ಇದನ್ನೇ ಎತ್ತಿಹಿಡಿಯಿತು. ಮೋಟಾರ್ ಕ್ಯಾರವಾನ್‌ಗೆ ಬೇರೆ ಮಾನದಂಡವೇ ಇದೆ, ಎಐಎಸ್-124 ಅಂತ. ಮನೆ ಹಿತ್ತಿಲಲ್ಲಿ ಮಾಡಿದ ಬಸ್ಸು ಅದನ್ನು ದಾಟುವುದು ಸುಲಭವಲ್ಲ.

ನಿಂತಲ್ಲೇ ನಿಲ್ಲುವ ಬಸ್ಸಾದರೆ ದಾರಿಯಿದೆ. 2020ರಲ್ಲಿ ಕೆಎಸ್‌ಆರ್‌ಟಿಸಿಯವರು ಒಂದು ಹಳೇ ಬಸ್ಸನ್ನು ಹೆಂಗಸರ ಶೌಚಾಲಯ ಮಾಡಿ ಮೆಜೆಸ್ಟಿಕ್ಕಿನಲ್ಲಿ ನಿಲ್ಲಿಸಿದರು. ತೋಟದಲ್ಲಿ ಒಂದು ಕೋಣೆಯ ಹಾಗೆ ನೀವೂ ಮಾಡಬಹುದು. ಪಂಚಾಯ್ತಿಯಲ್ಲಿ ಕೇಳಿಕೊಳ್ಳಿ. ಮಲೆನಾಡು, ಕರಾವಳಿಯಾದರೆ ಬಸ್ಸನ್ನು ನೆಲಕ್ಕೆ ತಾಗಿಸಬೇಡಿ, ಕಲ್ಲಿನ ಕಂಬಗಳ ಮೇಲೆ ಎತ್ತಿ ಕೂರಿಸಿ. ಅದರ ಮೇಲೆ ಪ್ರತ್ಯೇಕವಾಗಿ ಒಂದು ಮಾಡು ಕಟ್ಟಿ, ನಾಲ್ಕೂ ಕಡೆ ಮೂರಡಿ ಸೂರು ಚಾಚಿರಲಿ. ಜಡಿಮಳೆ ತಗಡಿಗೆ ನೇರ ಬೀಳಬಾರದು.

ಇನ್ನೂ ಬಸ್ಸು ಕೊಂಡಿಲ್ಲ. ಈಗ ಏನು ಮಾಡಲಿ?

ಒಂದು ಒಳ್ಳೇ ಟಾರ್ಚು, ಸಣ್ಣ ಸುತ್ತಿಗೆ, ಹಳೇ ಚಾಪೆ ತೆಗೆದುಕೊಳ್ಳಿ. ಹರಾಜಿನ ಯಾರ್ಡಿಗೆ ಮಳೆ ಬಂದ ಮಾರನೇ ಬೆಳಗ್ಗೆ ಹೋಗಿ. ಇಂಜಿನ್ ಆಮೇಲೆ ನೋಡಿ. ಮೊದಲು ಒಳಗೆ ಹತ್ತಿ, ಬಾಗಿಲು ಮುಚ್ಚಿ, ಸುಮ್ನೆ ಐದು ನಿಮಿಷ ನಿಲ್ಲಿ. ಬೂಷ್ಟಿನ ವಾಸನೆ ಬರುತ್ತದಾ? ಕಿಟಕಿಗಳ ಕೆಳಗೆ ಒಂದೊಂದು ಕಡೆಯೂ ಕೈಯಾಡಿಸಿ. ಆಮೇಲೆ ಹಿಂದಿನ ಚಕ್ರದ ಗೂಡಿನ ಪಕ್ಕ ಕೂತು ರಬ್ಬರಿನ ಅಂಚನ್ನು ಉಗುರಿನಿಂದ ಎತ್ತಿ, ಕೆಳಗಿನ ಹಲಗೆ ಒತ್ತಿ ನೋಡಿ. ಬೆರಳು ಒದ್ದೆಯಾದರೆ ಪಕ್ಕದ ಬಸ್ಸಿಗೆ ಹೋಗಿ.